ಯಾಡಿಯ ಮಾತು, ಸಾಲಿಯ ಮಾತು

ಜೂನ್ ತಿಂಗಳು ಬಂತೆಂದರೆ ಕಲಬುರಗಿ ಸೀಮೆಯ ಊರೂರಿನಲ್ಲಿ ಮಕ್ಕಳನ್ನು 'ಸಾಲಿಗಿ ಹೆಸರು ಹಚ್ಚುವ' ಗಡಿಬಿಡಿ. ಅರ್ಜಿಯಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಜಾತಿ ಇವುಗಳ ಸಾಲಿನಲ್ಲಿಯೇ 'ಮಾತೃಭಾಷೆ' ಎಂಬ ಒಂದು ಸಣ್ಣ ಕಾಲಂ ಇರುತ್ತದೆ. ಆಳಂದ ತಾಲ್ಲೂಕಿನ ಒಂದು ತಾಂಡಾದಿಂದ ಮಗಳನ್ನು ಕರೆದುಕೊಂಡು ಬಂದಿದ್ದ ತಂದೆಯೊಬ್ಬರನ್ನು ಏಳು ವರ್ಷದ ಹಿಂದೆ ಆ ಕಾಲಂ ಬಗ್ಗೆ ಕೇಳಿದಾಗ ಅವರು ಅರೆಗಳಿಗೆಯೂ ಯೋಚಿಸಲಿಲ್ಲ. 'ಕನ್ನಡನೇ ಬರೀರಿ' ಎಂದರು. ಅವರ ಅಂಗಿಯ ತುದಿ ಹಿಡಿದು ನಿಂತಿದ್ದ ಆರು ವರ್ಷದ ಹುಡುಗಿಗೆ ಅಂದು ಗೊತ್ತಿದ್ದ ಕನ್ನಡ ಶಬ್ದಗಳನ್ನು ಎರಡು ಕೈಯ ಬೆರಳುಗಳಲ್ಲಿ ಎಣಿಸಿ ಮುಗಿಸಬಹುದಾಗಿತ್ತು.

ಆಕೆಯ ಮನೆಯಲ್ಲಿ ತಾಯಿ 'ಯಾಡಿ'. ನೀರು 'ಪಾಣಿ', ಉಪ್ಪು 'ಲೂಣ್', ಜೋಳದ ರೊಟ್ಟಿ 'ಬಾಟಿ', ಮರ 'ಝಾಡ್'. ಎಣಿಕೆಯೆಂದರೆ ಏಕ್, ದಿ, ತೀನ್, ಚಾರ್. ನಾವು ಲಂಬಾಣಿ, ಲಮಾಣಿ, ಬಂಜಾರ ಎಂದು ಬೇರೆ ಬೇರೆ ಹೆಸರಿನಿಂದ ಕರೆಯುವ ಈ ಜನ ತಮ್ಮನ್ನು ತಾವು 'ಗೋರ್' ಎಂದು ಕರೆದುಕೊಳ್ಳುತ್ತಾರೆ. ಅವರ ಮಾತು ಗೋರಬೋಲಿ. ಗೋರ್ ಅಲ್ಲದವರೆಲ್ಲ 'ಕೋರ್'. ಅಂದರೆ ಆ ಹುಡುಗಿಯ ಮಟ್ಟಿಗೆ ಶಾಲೆಯ ಬಾಗಿಲಿನಿಂದ ಆಚೆಗೆ ಇದ್ದದ್ದು ಕೋರ್ ಜನ, ಕೋರ್ ಮಾತು.

ಮೊದಲ ವರ್ಷ ಆಕೆ ಒಂದು ದಿನ ಕಿಟಕಿಯಾಚೆ ಕೈ ತೋರಿಸಿ ಸಂಭ್ರಮದಿಂದ 'ಗಾಡಿ ಬಂದಳು' ಎಂದಳು. ಇಡೀ ವರ್ಗ ನಕ್ಕಿತು. ನಕ್ಕ ಮಕ್ಕಳದ್ದು ತಪ್ಪೇನಿಲ್ಲ, ಅವರಿಗೆ ಅದು ತಮಾಷೆಯೇ. ಆದರೆ ಅದರ ಹಿಂದೆ ಒಂದು ವ್ಯಾಕರಣವಿತ್ತು. ಕನ್ನಡದಲ್ಲಿ ನಪುಂಸಕಲಿಂಗವುಂಟು. ಗಾಡಿ, ಕಲ್ಲು, ಕುರ್ಚಿ ಎಲ್ಲವೂ 'ಬಂತು', 'ಬಿತ್ತು', 'ಮುರಿಯಿತು'. ಗೋರಬೋಲಿ ರಾಜಸ್ಥಾನಿಗೆ ಹತ್ತಿರದ, ಇಂಡೋ-ಆರ್ಯನ್ ಕುಟುಂಬದ ಭಾಷೆ. ಅದರಲ್ಲಿ ಇರುವುದು ಎರಡೇ ಲಿಂಗ. ಹಿಂದಿಯಲ್ಲಿ ಗಾಡಿ 'ಆಯೀ' ಎನ್ನುವುದಿಲ್ಲವೇ, ಹಾಗೆಯೇ ಇಲ್ಲಿಯೂ ಗಾಡಿ ಹೆಣ್ಣು. ಆರು ವರ್ಷದ ಮಗು ತನ್ನ ಭಾಷೆಯ ನಿಯಮವನ್ನು ಚಾಚೂ ತಪ್ಪದೆ ಕನ್ನಡಕ್ಕೆ ಹಚ್ಚಿತ್ತು. ಇದನ್ನು ಬಿಡಿಸಿ ಹೇಳುವವರು ಅಲ್ಲಿ ಇರಲಿಲ್ಲವಾದ್ದರಿಂದ ಹುಡುಗಿ ಮುಂದೆ ಎರಡು ವರ್ಷ ವರ್ಗದಲ್ಲಿ ಬಾಯಿ ಬಿಡಲಿಲ್ಲ. ಅವಳಿಗೆ 'ಮೊಂಡಿ' ಎಂಬ ಹೆಸರೂ ಬಂತು.

ಮನೆಯಲ್ಲಿ ಕನ್ನಡ ಮಾತಾಡಿಸಿದರೆ ಸುಧಾರಿಸುತ್ತಾಳೆ ಎಂದು ಯಾರೋ ಸಲಹೆ ಕೊಟ್ಟರು. ತಂದೆ ಅದನ್ನು ಅಕ್ಷರಶಃ ಪಾಲಿಸಿದರು. ಪುಣೆಯ ಕಟ್ಟಡಗಳ ಮೇಲೆ ಹನ್ನೆರಡು ವರ್ಷ ಸಿಮೆಂಟು ಹೊತ್ತು ಬಂದ ಮನುಷ್ಯ ಅವರು. ತಾವು ಚಿಕ್ಕವರಿದ್ದಾಗ ಶಾಲೆಯಲ್ಲಿ ಇಂಥದೇ ನಗೆ ಕೇಳಿ ನಾಲ್ಕನೆಯ ಇಯತ್ತೆಗೇ ಪಾಟಿಚೀಲ ಬಿಸಾಡಿದ್ದರು. 'ನಮಗ ಆಗಿದ್ದು ಈ ಹುಡುಗ್ರಿಗಿ ಆಗಬಾರ್ದ್ರಿ' ಎಂಬುದು ಅವರ ಒಂದೇ ಮಾತು. ಅದೇ ತಾಲ್ಲೂಕಿನ ಕಡಗಂಚಿಯಲ್ಲಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮಗಳು ಒಂದು ದಿನ ಅಲ್ಲಿ ಓದಬೇಕೆಂಬುದು ಅವರ ಆಸೆ. ಅಂಥ ಆಸೆಯ ಮುಂದೆ ಮನೆಮಾತಿನ ಚಿಂತೆ ಅವರಿಗೆ ಸಣ್ಣದಾಗಿ ಕಂಡದ್ದರಲ್ಲಿ ಆಶ್ಚರ್ಯವಿಲ್ಲ. ಮನೆಯಲ್ಲಿ ಗೋರಬೋಲಿ ಬಂದ್ ಆಯಿತು. ಯಾಡಿ 'ಮಮ್ಮಿ' ಆದಳು.

ಇದರ ಪರಿಣಾಮವೆಲ್ಲ ಬಿದ್ದದ್ದು ಮನೆಯ ಮೂಲೆಯಲ್ಲಿ ಕೌದಿ ಹೊಲಿಯುತ್ತ ಕೂತಿರುತ್ತಿದ್ದ ದಾದಿಯ ಮೇಲೆ. ಅಜ್ಜಿಗೆ ಬರುತ್ತಿದ್ದುದು ಸಂತೆಯಲ್ಲಿ ವ್ಯವಹಾರ ಮಾಡುವಷ್ಟು ಕನ್ನಡ. ಎಷ್ಟು, ಕಡಿಮಿ ಮಾಡು, ಸಾಕು. ಇಷ್ಟರಲ್ಲಿ ಮೊಮ್ಮಗಳಿಗೆ ಕಥೆ ಹೇಳುವುದು ಹೇಗೆ? ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿ ಸುಮ್ಮನಿರುವ ರೂಢಿ ಬೆಳೆಯಿತು.

ಆ ಅಜ್ಜಿಯ ಬಾಯಲ್ಲಿ ಏನಿತ್ತು ಎಂಬುದನ್ನು ಅರಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 'ತಾಂಡಾ' ಎಂದರೆ ಇಂದು ನಮಗೆ ಊರಾಚೆಯ ವಸತಿ. ಹಿಂದೆ ಅದು ನಡೆಯುವ ಊರು. 1632ರಲ್ಲಿ ಉತ್ತರ ಭಾರತದಲ್ಲಿ ಪ್ರಯಾಣಿಸುತ್ತಿದ್ದ ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ ದಾರಿಯಲ್ಲಿ ಒಂದು ತಾಂಡಾ ಎದುರಾದುದನ್ನು ಬರೆದಿದ್ದಾನೆ. ಧಾನ್ಯ ಹೊತ್ತ 14,000 ಎತ್ತುಗಳು, ಅವುಗಳೊಂದಿಗೆ ಹೆಂಡಿರು ಮಕ್ಕಳು ಸಮೇತ ಬಂಜಾರರು. ಅದೇ ಶತಮಾನದ ಫ್ರೆಂಚ್ ಪ್ರವಾಸಿ ತಾವೆರ್ನಿಯೆಯೂ ಹತ್ತು ಹನ್ನೆರಡು ಸಾವಿರ ಎತ್ತುಗಳ ಸಾಲುಗಳನ್ನು ಕಂಡವನು. ಕಡಲ ತೀರದ ಉಪ್ಪು ಒಳನಾಡಿಗೆ, ಒಳನಾಡಿನ ಕಾಳು ಪಟ್ಟಣಗಳಿಗೆ ಹೋಗುತ್ತಿದ್ದುದು ಹೀಗೆ. ಮೊಗಲರ ದಖ್ಖನ್ ದಂಡಯಾತ್ರೆಗಳಿಗೆ ಕಾಳು ಒದಗಿಸಿದವರು ಇವರು. 1803ರಲ್ಲಿ ದಖ್ಖನದಲ್ಲಿ ಹೋರಾಡಿದ ಆರ್ಥರ್ ವೆಲ್ಲೆಸ್ಲಿ (ಮುಂದೆ ವಾಟರ್ಲೂ ಗೆದ್ದ ವೆಲಿಂಗ್ಟನ್ ಇವನೇ) ತನ್ನ ಸೈನ್ಯದ ಊಟಕ್ಕೆ ನೆಚ್ಚಿಕೊಂಡದ್ದೂ ಇವರ ಎತ್ತುಗಳನ್ನೇ. ಇತಿಹಾಸದ ಪುಸ್ತಕಗಳಲ್ಲಿ ಯುದ್ಧ ಗೆದ್ದವರ ಹೆಸರಿದೆ, ಜೋಳ ತಂದುಕೊಟ್ಟವರದ್ದಿಲ್ಲ.

ಈ ಬದುಕಿಗೆ ಕೊನೆ ಬಂದದ್ದು ರೈಲಿನಿಂದ. 1871ರಲ್ಲಿ ಮುಂಬಯಿ ಕಡೆಯ ಮತ್ತು ಮದರಾಸು ಕಡೆಯ ರೈಲು ಹಳಿಗಳು ರಾಯಚೂರಿನಲ್ಲಿ ಕೂಡಿದವು. ಕಲಬುರಗಿ, ವಾಡಿ ಆ ಮಾರ್ಗದ ಮೇಲೆಯೇ ಇವೆ. ಎತ್ತು ತಿಂಗಳುಗಟ್ಟಲೆ ಸಾಗಿಸುತ್ತಿದ್ದ ಸರಕು ದಿನಗಳಲ್ಲಿ ಸಾಗತೊಡಗಿತು. ವಿಚಿತ್ರವೆಂದರೆ ಅದೇ 1871ರಲ್ಲಿ ಬ್ರಿಟಿಷ್ ಸರಕಾರ 'ಅಪರಾಧಿ ಬುಡಕಟ್ಟು'ಗಳ ಕಾಯಿದೆಯನ್ನೂ ತಂದಿತು. ಮುಂದೆ ಕೆಲವು ಪ್ರಾಂತಗಳಲ್ಲಿ ಈ ಜನರೂ ಆ ಪಟ್ಟಿಗೆ ಸೇರಿದರು. ಕಸುಬು ಕಳೆದುಕೊಂಡವನಿಗೇ ಕಳ್ಳನೆಂಬ ಹಣೆಪಟ್ಟಿ! ಕಾಯಿದೆ ರದ್ದಾದದ್ದು 1952ರಲ್ಲಿ. ಅಷ್ಟು ಹೊತ್ತಿಗೆ ನಡೆಯುವ ತಾಂಡಾಗಳು ಗುಡ್ಡದ ಓರೆಯಲ್ಲಿ, ಊರ ಸೀಮೆಯ ಅಂಚಿನಲ್ಲಿ ನಿಂತುಬಿಟ್ಟಿದ್ದವು.

ನಿಂತ ನೆಲವೂ ಕಾಗದದ ಮೇಲೆ ಬಹುಕಾಲ ಅವರದಾಗಿರಲಿಲ್ಲ. ದಾಖಲೆಯಿಲ್ಲದ ಇಂಥ ಸಾವಿರಾರು ವಸತಿಗಳನ್ನು ಕಂದಾಯ ಗ್ರಾಮಗಳೆಂದು ಘೋಷಿಸುವ ಕೆಲಸ ತಡವಾಗಿ ನಡೆಯಿತು. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಜಿಲ್ಲೆಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಪ್ರಧಾನಿಗಳಿಂದ ಹಕ್ಕುಪತ್ರ ವಿತರಣೆಯಾಯಿತು. ಮಳಖೇಡವೆಂದರೆ ರಾಷ್ಟ್ರಕೂಟರ ಮಾನ್ಯಖೇಟ, ಕನ್ನಡದ ಮೊದಲ ಉಪಲಬ್ಧ ಕೃತಿ 'ಕವಿರಾಜಮಾರ್ಗ' ಹುಟ್ಟಿದ ನೆಲ. ಅಲ್ಲಿ ಮನೆಗೆ ಹಕ್ಕುಪತ್ರ ಸಿಕ್ಕಿತು. ಮಾತಿಗೆ?

ಮಾತಿನ ಲೆಕ್ಕ ನೋಡಿದರೆ ಅದು ಬಡವಾಗಿ ಕಾಣುವುದಿಲ್ಲ. 2011ರ ಜನಗಣತಿಯಲ್ಲಿ ಲಮಾಣಿ ಅಥವಾ ಲಂಬಾಡಿ ತಮ್ಮ ಮಾತೆಂದು ಹೇಳಿದವರು ದೇಶದಲ್ಲಿ 32,76,548 ಮಂದಿ. ಬಂಜಾರಿ ಎಂದು ಬರೆಸಿದವರು ಬೇರೆ, 15,81,271. ಆದರೆ ಈ ಎರಡೂ ಅಂಕಿಗಳು ಅಚ್ಚಾಗಿರುವುದು ಹಿಂದಿಯ ಹೊಟ್ಟೆಯೊಳಗೆ, ಹಿಂದಿಯ ಉಪಭಾಷೆಗಳ ಪಟ್ಟಿಯಲ್ಲಿ. ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಇದಿಲ್ಲ. ಸ್ವಂತ ಲಿಪಿಯೂ ಇಲ್ಲವಾದ್ದರಿಂದ ಮಹಾರಾಷ್ಟ್ರದಲ್ಲಿ ಇದನ್ನು ದೇವನಾಗರಿಯಲ್ಲಿ, ತೆಲಂಗಾಣದಲ್ಲಿ ತೆಲುಗಿನಲ್ಲಿ, ನಮ್ಮಲ್ಲಿ ಕನ್ನಡದಲ್ಲಿ ಬರೆಯುತ್ತಾರೆ. ಜನರ ಸ್ಥಿತಿಯೂ ಹೀಗೆಯೇ. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಆಳಂದದ ಗಡಿ ದಾಟಿ ಅಕ್ಕಲಕೋಟೆಗೆ ಹೋದರೆ ವಿಮುಕ್ತ ಜಾತಿ. ಬೀಗರು ಮೂರು ರಾಜ್ಯಗಳಲ್ಲಿದ್ದರೆ ಒಂದೇ ಮದುವೆಯ ಪಂಕ್ತಿಯಲ್ಲಿ ಮೂರು ಬಗೆಯ ಸರ್ಟಿಫಿಕೇಟುಗಳು ಕೂತು ಉಣ್ಣುತ್ತವೆ.

ಹುಡುಗಿಯ ಕಡೆಗೆ ಮರಳೋಣ. ಅವಳು ಎಂಟನೆಯ ತರಗತಿಗೆ ಬಂದಳು. ಕನ್ನಡ ಈಗ ನೀರು ಕುಡಿದಷ್ಟು ಸಲೀಸು, ಆದರೂ ಪ್ರಶ್ನೆ ಕೇಳಿದರೆ ತಲೆ ತಗ್ಗಿಸುವ ಹಳೆಯ ಚಾಳಿ ಬಿಟ್ಟಿರಲಿಲ್ಲ. ಶ್ರಾವಣದಲ್ಲಿ ಒಂದು ದಿನ ಹೊಸದಾಗಿ ಬಂದಿದ್ದ ವಿಜ್ಞಾನ ಶಿಕ್ಷಕಿ ಬೀಜ ಮೊಳೆಯುವ ಪಾಠ ಮಾಡುತ್ತಿದ್ದರು. ಮನೆಯಲ್ಲಿ ಯಾರಾದರೂ ಗೋಧಿ ಮೊಳಕೆ ಬರಿಸಿದ್ದೀರಾ ಎಂದು ಕೇಳಿದರು. ಎಲ್ಲರಿಗಿಂತ ಹಿಂದೆ ಕೂತಿದ್ದ ಆಕೆಯ ಕೈ ಮೇಲೆದ್ದಿತು. 'ನಾವು ತೀಜ್‌ಗ ಬರಿಸ್ತೀವ್ರಿ ಟೀಚರ್. ಬುಟ್ಟ್ಯಾಗ.'

ತೀಜ್ ತಾಂಡಾಗಳ ಹಬ್ಬ. ಮದುವೆಯಾಗದ ಹುಡುಗಿಯರು ನಾಯಕನ ಮನೆಯಲ್ಲಿ ಕೂಡಿ ಬಿದಿರು ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ, ನೆನೆಸಿದ ಗೋಧಿ ಬಿತ್ತುತ್ತಾರೆ. ಒಂಬತ್ತು ದಿನ ಹಾಡು ಹೇಳುತ್ತ ನೀರು ಹಾಕುತ್ತಾರೆ. ಕೊನೆಯ ದಿನ ಆ ಸಸಿಗಳನ್ನು ಹಿರಿಯರಿಗೆ, ಅಣ್ಣತಮ್ಮಂದಿರಿಗೆ ಕೊಟ್ಟು ಉಳಿದದ್ದನ್ನು ಹೊಳೆಗೋ ಕೆರೆಗೋ ಬಿಡುತ್ತಾರೆ. ಹುಡುಗಿ ಇದನ್ನೆಲ್ಲ ಹೇಳಿದಳು. ಮೊದಲು ಕನ್ನಡದಲ್ಲಿ, ಶಬ್ದ ಸಿಗದ ಕಡೆ ಗೋರಬೋಲಿಯಲ್ಲಿ. ಕಾಳನ್ನು ಎಷ್ಟು ಹೊತ್ತು ನೆನೆಸಬೇಕು, ಹೆಚ್ಚಾದರೆ ಹೇಗೆ ಹುಳಿ ವಾಸನೆ ಬರುತ್ತದೆ ಎಂಬುದರ ಜೊತೆಗೆ, ಮನೆಯೊಳಗೆ ಕತ್ತಲಲ್ಲಿಟ್ಟ ಬುಟ್ಟಿಯ ಸಸಿ ಎತ್ತರವಾಗಿ, ಹಳದಿಯಾಗಿ, ಬಾಗಿ ಬರುತ್ತದೆ, ಬಾಗಿಲ ಬಳಿ ಇಟ್ಟದ್ದು ಗಿಡ್ಡವಾಗಿ ಹಸಿರಾಗಿರುತ್ತದೆ ಎಂಬುದನ್ನೂ ಹೇಳಿದಳು. ಆ ಎರಡಕ್ಕೂ ದಾದಿ ಬೇರೆ ಬೇರೆ ಹೆಸರು ಹೇಳುತ್ತಾಳೆ ಎಂದಳು, ಆದರೆ ಹೆಸರು ಮಾತ್ರ ಅವಳಿಗೆ ನೆನಪಾಗಲಿಲ್ಲ.

ಶಿಕ್ಷಕಿಗೆ ಬೇಕಾದ ಪಾಠವೆಲ್ಲ ಅಲ್ಲಿಯೇ ಇತ್ತು. ನೆನೆದ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವ ಕೆಲಸಕ್ಕೆ ತೊಡಗಿ, ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿ ಒಡೆದು ಮೊಳಕೆಗೆ ಉಣ್ಣಿಸುತ್ತದೆ. ಬೆಳಕಿಲ್ಲದ ಕಡೆ ಗೋಧಿಯ ಸಸಿ ಪತ್ರಹರಿತ್ತನ್ನು ತಯಾರಿಸಲಾರದು, ಅದಕ್ಕೆ ಹಳದಿ. ಇದ್ದಬದ್ದ ಬುತ್ತಿಯನ್ನೆಲ್ಲ ಎತ್ತರ ಬೆಳೆಯುವುದಕ್ಕೇ ಖರ್ಚುಮಾಡಿ ಬೆಳಕನ್ನು ಹುಡುಕುತ್ತದೆ, ಅದಕ್ಕೆ ಉದ್ದ. ಪಟ್ಟಣದ ಶಾಲೆಗಳಲ್ಲಿ ಇದನ್ನು ತೋರಿಸಲು ಹತ್ತಿ, ಗಾಜಿನ ಲೋಟ, ಕಪ್ಪು ಡಬ್ಬಿ ಹೊಂದಿಸುತ್ತಾರೆ. ತಾಂಡಾದ ಹುಡುಗಿಯರು ವರ್ಷವರ್ಷವೂ ಈ ಪ್ರಯೋಗವನ್ನು ಹಾಡು ಸಮೇತ ಮಾಡುತ್ತ ಬಂದಿದ್ದಾರೆ. ಮರುದಿನ ಎರಡು ಬುಟ್ಟಿ ವರ್ಗಕ್ಕೆ ಬಂದವು. ಏಳು ವರ್ಷದ ಹಿಂದೆ 'ಗಾಡಿ ಬಂದಳು' ಎಂದಾಗ ನಕ್ಕಿದ್ದ ಮಕ್ಕಳೇ ಸುತ್ತ ನಿಂತು ಅಳತೆಪಟ್ಟಿ ಹಿಡಿದರು.

ಆದರೆ ಆ ಎರಡು ಹೆಸರುಗಳು ನೆನಪಾಗಲಿಲ್ಲವಲ್ಲ, ಅದು ಹುಡುಗಿಯ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು. ಮನೆಗೆ ಹೋಗಿ ಎಷ್ಟೋ ದಿನಗಳ ಮೇಲೆ ದಾದಿಯ ಪಕ್ಕ ಕೂತು ಕೇಳಿದಳು. ಅಜ್ಜಿ ಕೌದಿ ಕೆಳಗಿಟ್ಟಳು. ಆ ಸಂಜೆ ಒಲೆಯ ಮುಂದೆ ಗೋರಬೋಲಿ ಮತ್ತೆ ಶುರುವಾಯಿತು. ತಂದೆ ಗದರಿದರು: 'ಪರೀಕ್ಷಾದಾಗ ಇದು ಕೇಳ್ತಾರೇನು?'

ಇದು ಒಬ್ಬ ತಂದೆಯ ಪ್ರಶ್ನೆಯಲ್ಲ. ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ತಾಂಡಾಗಳಲ್ಲಿಯೂ ಓದು ಕಲಿತ ತಂದೆತಾಯಿಗಳು ಇದನ್ನೇ ಕೇಳುತ್ತಾರೆ. ಇದಕ್ಕೆ ಗೇಲಿಯ ಉತ್ತರ ಕೊಡಬಾರದು. ಕನ್ನಡ ಬೇಕು, ಇಂಗ್ಲಿಷೂ ಬೇಕು. ಇವೆರಡೂ ಇಲ್ಲದೆ ಬ್ಯಾಂಕಿನ ಬಾಗಿಲೂ ತೆರೆಯುವುದಿಲ್ಲ. ತಾಂಡಾದಿಂದ ಬಂದ ಬಿ.ಟಿ. ಲಲಿತಾ ನಾಯಕ್ ಅವರು ಕನ್ನಡದಲ್ಲಿ ಕಥೆ ಕಾದಂಬರಿ ಬರೆದು, ಮಂತ್ರಿಯೂ ಆದದ್ದನ್ನು ನಾಡು ಕಂಡಿದೆ. ಪ್ರಶ್ನೆ ಇರುವುದು ಒಂದನ್ನು ಕಲಿಯಬೇಕಾದರೆ ಇನ್ನೊಂದನ್ನು ಬಿಡಲೇಬೇಕೆ ಎಂಬುದು.

ಈ ಸೀಮೆಯ ಜನಕ್ಕೆ ಇದರ ಉತ್ತರವನ್ನು ಪುಸ್ತಕದಿಂದ ಹೇಳಬೇಕಾಗಿಲ್ಲ. ಗಾಣಗಾಪುರದ ಕಾಯಿ-ಕರ್ಪೂರದ ಅಂಗಡಿಯವನು ಮರಾಠಿ ಭಕ್ತರೊಂದಿಗೆ ಮರಾಠಿ, ಊರವರೊಂದಿಗೆ ಕನ್ನಡ, ಹೈದರಾಬಾದಿನಿಂದ ಬಂದವರೊಂದಿಗೆ ಹಿಂದಿ ಆಡುತ್ತಾನೆ. ಒಂದು ಹೊಕ್ಕಿತೆಂದು ಇನ್ನೊಂದು ಅವನ ತಲೆಯಿಂದ ಹೊರಬಿದ್ದಿಲ್ಲ. ಅಫಜಲಪುರದಿಂದ ಗುಳೆ ಹೋದ ಮಕ್ಕಳು ಆರು ತಿಂಗಳಲ್ಲಿ ಮರಾಠಿ ಕಲಿತು ಬರುತ್ತಾರೆ. ಮಗುವಿನ ತಲೆ ಜೋಳದ ಹಗೇವಲ್ಲ, ತುಂಬಿತು ಎನ್ನುವುದಕ್ಕೆ.

ಇನ್ನೂ ಒಂದು ಮಾತನ್ನು ಕನ್ನಡಿಗ ಪಾಲಕರೇ ನೆನೆಯಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ತಾಲ್ಲೂಕುಗಳ ಸೀಮೆ ನಿಜಾಮರ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ದೊಡ್ಡ ಓದಿನ ಭಾಷೆಯೂ ಉರ್ದು. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಆರಂಭವಾದದ್ದೇ ಉರ್ದು ಮಾಧ್ಯಮದಲ್ಲಿ. ಮನೆಯಲ್ಲಿ ಅಪ್ಪಟ ಕನ್ನಡ ಆಡುತ್ತಿದ್ದ ನಮ್ಮ ಅಜ್ಜಂದಿರು ಅಲಿಫ್ ಬೇ ತಿದ್ದಿದರು. ಉರ್ದು ಸುಂದರವಾದ ಭಾಷೆ, ಅದನ್ನು ಕಲಿತದ್ದರಿಂದ ಅವರಿಗೆ ನಷ್ಟವೇನೂ ಆಗಲಿಲ್ಲ. ನೋವು ಇದ್ದದ್ದು ತಮ್ಮ ಮಾತಿಗೆ ಶಾಲೆಯಲ್ಲಿ ಜಾಗವಿಲ್ಲ ಎಂಬುದರಲ್ಲಿ. ಆ ನೋವು ಉಂಡವರ ಮೊಮ್ಮಕ್ಕಳು ತಾಂಡಾದ ಮಗುವಿನ ಮುಂದೆ ನಗುವುದು ಶೋಭಿಸುವುದಿಲ್ಲ.

ದೂರದ ಒಂದು ಉದಾಹರಣೆಯೂ ಇಲ್ಲಿ ಪ್ರಸ್ತುತ. ಯುರೋಪಿನ ಉತ್ತರಕ್ಕೆ, ರಷ್ಯದ ಒಳಭಾಗಕ್ಕೆ ಹರಡಿರುವ ಫಿನ್ನೊ-ಉಗ್ರಿಕ್ ಎಂಬ ಭಾಷಾಬಳಗವಿದೆ. ಫಿನ್‌ಲೆಂಡ್, ಎಸ್ಟೋನಿಯ, ಹಂಗೇರಿಗಳ ಭಾಷೆಗಳು ಅದರಲ್ಲಿ ರಾಜ್ಯ ಪಡೆದ ಅಕ್ಕಂದಿರು. ಸಾಮಿ, ಮಾರಿ, ಉಡ್ಮುರ್ತ್, ಲಿವೊನಿಯನ್ ಮೊದಲಾದವು ರಾಜ್ಯವಿಲ್ಲದ ತಂಗಿಯರು. ಹಿಮಸಾರಂಗ ಸಾಕುವ ಸಾಮಿ ಜನರ ಮಕ್ಕಳಿಗೆ ನಾರ್ವೆಯ ಶಾಲೆಗಳಲ್ಲಿ ದಶಕಗಳ ಕಾಲ ನಾರ್ವೇಜಿಯನ್ ಒಂದೇ. ಎಷ್ಟೋ ಸಾಮಿ ತಂದೆತಾಯಿಗಳು ಮಕ್ಕಳ ಒಳ್ಳೆಯದಕ್ಕೆಂದೇ ಮನೆಯಲ್ಲಿ ತಮ್ಮ ಮಾತು ನಿಲ್ಲಿಸಿದರು. ಆಳಂದದ ಆ ತಂದೆಯ ಮಾತನ್ನು ಅವರೂ ಆಡಿದ್ದರು ಎನ್ನಬೇಕು. ಲ್ಯಾಟ್ವಿಯದ ಲಿವೊನಿಯನ್ ಭಾಷೆಯನ್ನು ತಾಯಿಯಿಂದ ಕಲಿತಿದ್ದ ಕೊನೆಯ ವ್ಯಕ್ತಿ 2013ರಲ್ಲಿ ತೀರಿಕೊಂಡರು. ಆದರೆ ಫಿನ್‌ಲೆಂಡಿನ ಇನಾರಿ ಸರೋವರದ ದಂಡೆಯ ಸಾಮಿಗಳು ಬೇರೆ ದಾರಿ ಹಿಡಿದರು. ಅವರ ಭಾಷೆ ಬಲ್ಲವರು ಕೆಲವೇ ನೂರು ಜನ, ಅದನ್ನು ಆಡುವ ಮಕ್ಕಳು ಬೆರಳೆಣಿಕೆಯಷ್ಟು. 1997ರಲ್ಲಿ ಅವರು 'ಭಾಷೆಯ ಗೂಡು' ಎಂಬ ಶಿಶುವಿಹಾರ ತೆರೆದರು. ಅಲ್ಲಿ ಮಕ್ಕಳೊಂದಿಗೆ ಆ ಭಾಷೆಯಲ್ಲಲ್ಲದೆ ಬೇರೆ ಮಾತಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರಿಂದ ಕಲಿತ ಉಪಾಯವಿದು. ಆ ಮಕ್ಕಳು ಫಿನ್ನಿಶ್ ಮರೆಯಲಿಲ್ಲ, ಅದು ಬೀದಿಯಲ್ಲಿ, ಟಿ.ವಿ.ಯಲ್ಲಿ ಹೇಗೂ ಇತ್ತು. ಲಕ್ಷಗಟ್ಟಲೆ ಜನ ಆಡುವ ಗೋರಬೋಲಿಗೆ ಅಂಥ ದುರ್ದೆಸೆಯೇನೂ ಬಂದಿಲ್ಲ. ಅದಕ್ಕೆ ಗೂಡು ಹೊಸದಾಗಿ ಕಟ್ಟಬೇಕಾಗಿಲ್ಲ, ಪ್ರತಿ ಮನೆಯಲ್ಲೂ ಒಬ್ಬ ದಾದಿ ಇನ್ನೂ ಕೂತಿದ್ದಾಳೆ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ಸೌಕರ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು ತಾಂಡಾವನ್ನು ಮುಟ್ಟುವವರೆಗೆ ಒಂದನೆಯ ತರಗತಿಯ ಶಿಕ್ಷಕರು ನೂರು ಗೋರಬೋಲಿ ಶಬ್ದ ಕಲಿತರೂ ಸಾಕು, 'ಗಾಡಿ ಬಂದಳು' ಎಂದ ಮಗು ಎರಡು ವರ್ಷ ಮೂಕವಾಗುವುದು ತಪ್ಪುತ್ತದೆ.

ಕಳೆದ ಬೇಸಿಗೆಯಲ್ಲಿ ಜೇವರ್ಗಿ ಕಡೆಯ ತಾಂಡಾದಲ್ಲಿ ಹುಡುಗಿಯ ಸೋದರಮಾವನ ಮಗಳ ಮದುವೆಯಾಯಿತು. ಗಂಡನ ಮನೆಗೆ ಹೊರಡುವ ಹೊತ್ತಿಗೆ ವಧು ತನ್ನವರನ್ನು ತಬ್ಬಿಕೊಂಡು ಹಾಡಿ ಅಳುವ 'ಢಾವಲೋ' ಈ ಜನರಲ್ಲಿ ಬಹಳ ಹಳೆಯ ಪದ್ಧತಿ. ತವರಿನ ಒಬ್ಬೊಬ್ಬರನ್ನೂ ಹೆಸರಿಟ್ಟು ನೆನೆಯುವ ಆ ಹಾಡನ್ನು ಹಿಂದೆ ಹುಡುಗಿಯರು ದೊಡ್ಡವರಿಂದ ಕೇಳಿ ಕಲಿತಿರುತ್ತಿದ್ದರು. ಬಿ.ಎ. ಓದಿದ ಈ ವಧುವಿಗೆ ಅಳು ಬಂತು, ಹಾಡು ಬರಲಿಲ್ಲ. ಗೆಳತಿಯರು ಮೊಬೈಲು ಹಿಡಿದು ನಿಂತಿದ್ದರು. ಕಡೆಗೆ ಆಳಂದದಿಂದ ಬಂದಿದ್ದ ದಾದಿಯೇ ಮುಂದೆ ಬಂದು ಅವಳ ತಲೆಯನ್ನು ಭುಜಕ್ಕೆ ಒರಗಿಸಿಕೊಂಡು ಅವಳ ಪರವಾಗಿ ಹಾಡಿದಳು. ಹಾಡು ಮುಗಿಯುವ ಹೊತ್ತಿಗೆ ಮೊಬೈಲುಗಳೆಲ್ಲ ಕೆಳಗಿಳಿದಿದ್ದವು. ಮಗಳನ್ನು ಎತ್ತಿ ಆಡಿಸಿದ ದೊಡ್ಡ ದೊಡ್ಡ ಗಂಡಸರು ಗೋಡೆಯ ಕಡೆ ಮುಖ ಮಾಡಿದ್ದರು. ಅವರಲ್ಲಿ ನಮ್ಮ ಹುಡುಗಿಯ ತಂದೆಯೂ ಇದ್ದರು.

ಊರಿಗೆ ಬಂದ ಮೇಲೆ ಹುಡುಗಿ ಇನ್ನೂರು ಪುಟದ ಒಂದು ನೋಟುಬುಕ್ಕು ತೆಗೆದಳು. ಎಡಕ್ಕೆ ಗೋರಬೋಲಿ ಶಬ್ದ, ಬಲಕ್ಕೆ ಕನ್ನಡ ಅರ್ಥ. ನಾವು ಕನ್ನಡದಲ್ಲಿ ಬರೆದಷ್ಟು ನಿಷ್ಠೆಯಿಂದ ಉಚ್ಚರಿಸದ ಘ, ಝ, ಢ, ಭ ಅಕ್ಷರಗಳಿಗೆ ಅಲ್ಲಿ ಕೈತುಂಬ ಕೆಲಸ. ಮೊದಲ ಪುಟದಲ್ಲಿ ಗೋಧಿ ಸಸಿಯ ಆ ಎರಡು ಹೆಸರುಗಳಿವೆ. ಆಮೇಲೆ ಅಡಿಗೆ, ಮಳೆ, ಗಿಡಮೂಲಿಕೆ, ನೆಂಟಸ್ತಿಕೆ. ಒಂದು ಸಂಜೆ ಎತ್ತಿನ ಹೇರಿಗೆ ಸಂಬಂಧಿಸಿದ ಶಬ್ದಗಳ ಸರದಿ ಬಂತು. ಉಪ್ಪಿನ ಗೋಣಿಗಳು ಜಾರದಂತೆ ಎತ್ತಿನ ಹೊಟ್ಟೆಯ ಕೆಳಗೆ ಬಿಗಿಯುವ ಹಗ್ಗಕ್ಕೆ ಒಂದು ಹೆಸರಿತ್ತು. ದಾದಿಗೆ ಅದು ನಾಲಿಗೆಯ ತುದಿಗೆ ಬಂದು ನಿಂತಿತು. ನಿನ್ನ ದಾದಾ ಇದ್ದಿದ್ದರೆ ಹೇಳುತ್ತಿದ್ದ ಎಂದು ಪೇಚಾಡಿದಳು. ಹುಡುಗಿ ಆ ಜಾಗ ಖಾಲಿ ಬಿಟ್ಟು ಕೆಳಗಿನ ಗೆರೆಗೆ ಹೋದಳು.

ಹೊರಗೆ ಹೊರಸಿನ ಮೇಲೆ ಮಲಗಿ ಮೊಬೈಲು ನೋಡುತ್ತಿದ್ದ ತಂದೆ, ತಲೆ ಎತ್ತದೆಯೇ, ಆ ಶಬ್ದ ಹೇಳಿದರು. ಹುಡುಗಿಗೆ ಸರಿಯಾಗಿ ಕೇಳಿಸಲಿಲ್ಲ. ಅವರು ಎದ್ದು ಒಳಗೆ ಬಂದು ಇನ್ನೊಮ್ಮೆ, ಬಿಡಿಸಿ ಬಿಡಿಸಿ ಹೇಳಿದರು.